ಟಗರಿನ ಮುಂದೆ ಪೋಸು

ಮೊಮ್ಮಗಳು ನನ್ನ ಕರಿ ಕಂಬಳಿ ಹೊದ್ದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದನ್ನು ಕಂಡು ಹಿಗ್ಗು ಎದೆಯಲ್ಲಿ ಹಿಡಿಸಲಿಲ್ಲ, ಆದರೆ ಆ ಉಣ್ಣೆಯ ವಾಸನೆ ನಮ್ಮೂರು ಮಾಡದಕೆರೆಯ ಒಂದು ಮಧ್ಯಾಹ್ನವನ್ನೂ ಎಳೆದು ತಂದಿತು.

ಆಗ ನಾನು ಇವಳಷ್ಟೇ ಇದ್ದೆ. ಚಿತ್ರದುರ್ಗದಲ್ಲಿ ಓದುತ್ತಿದ್ದ ನಮ್ಮವ್ವನ ತಮ್ಮ ಬೆಲ್‌ಬಾಟಮ್ ಪ್ಯಾಂಟು ಹಾಕಿಕೊಂಡು ಊರಿಗೆ ಬಂದಿದ್ದ. ನನ್ನ ಕೈ ಹಿಡಿದು ಕುರಿ ಕೂಡುವ ರೊಪ್ಪಕ್ಕೆ ಹೋದವನೇ ದೊಡ್ಡ ಟಗರಿನ ಹಣೆಗೆ ಅಂಗೈ ಒತ್ತಿ, ಎದೆಯುಬ್ಬಿಸಿ ನಿಂತ.

"ಹಿಂಗ್ ನಿಂತ್ಕಂಡ್ರೆ ಪೋಸ್ ಕೊಡದು ಅಂತಾರೆ ಕಣೆ. ನಾಕ್ ಜನ ನೋಡ್ಲಿ ಅಂತ."

ಕುರಿ ಸಾಕುವ ನಮ್ಮ ಮನೆಗಳಲ್ಲಿ ಟಗರಿನ ಹಣೆ ಯಾರೂ ಒತ್ತುವುದಿಲ್ಲ. ಒತ್ತಿದರೆ ಗುದ್ದಾಟಕ್ಕೆ ಕರೆದಂತೆ. ಪಟ್ಟಣ ಸೇರಿದ ಮಾವನಿಗೆ ಅದು ಮರೆತೇಹೋಗಿತ್ತು.

ಟಗರು ಮೆಲ್ಲಗೆ ಹಿಂದೆ ಸರಿಯಿತು.

"ನೋಡ್ದಾ, ನನ್ ಕಂಡು ಹೆದರ್ಕಂತು!"

"ಲೇ, ಅದು ಹೆದರಿಲ್ಲ ಕಣಲೇ, ಗುದ್ದಕ್ಕೆ ಹಿಂದಕ್ ಹೋಗೈತೆ! ಮಗೀನ ಎಳ್ಕಳ್ಳಲೇ!" ಎಂದು ಅಜ್ಜ ದೂರದಿಂದ ಕೂಗಿದ.

ಮಾವ ನನ್ನ ಕೈ ಬಿಟ್ಟು ಓಡಿದ. ನಾನೊಬ್ಬಳೇ ಅಲ್ಲಿ ಉಳಿದೆ. ಆ ಸುರುಳಿ ಕೊಂಬು, ಆ ಹಳದಿ ಕಣ್ಣು ನೇರ ನನ್ನತ್ತಲೇ ಬಂದವು. ಅಷ್ಟರಲ್ಲಿ ಅಜ್ಜ ನುಗ್ಗಿ ಬಂದು ತನ್ನ ಕಂಬಳಿಯನ್ನು ಟಗರಿನ ಮುಖದ ಮೇಲೆ ಎಸೆದು, ನನ್ನನ್ನು ಬಾಚಿಕೊಂಡ. ಕಣ್ಣು ಕಾಣದೆ ಟಗರು ತಡವರಿಸಿ ನಿಂತಿತು.

"ಏನಪ್ಪ, ಪೋಸು ಮುಗೀತಾ? ನಮಗೇನ್ ಬಿಡು, ಇದು ದಿನಾ ಇದ್ದದ್ದೇ!" ಎಂದು ಅಜ್ಜ ಬೇಲಿಯಾಚೆ ನಿಂತಿದ್ದ ಮಾವನಿಗೆ ಕೇಳಿಸುವಂತೆ ಜೋರಾಗಿ ನಕ್ಕ.

ಅಜ್ಜನ ಎದೆ ಡವಗುಟ್ಟುವುದು ನನಗೊಬ್ಬಳಿಗೇ ಕೇಳುತ್ತಿತ್ತು. ಕುರಿಗಳೆಲ್ಲ ರೊಪ್ಪ ಸೇರಿ ಕತ್ತಲಾಗುವ ತನಕ ಅವನು ನನ್ನನ್ನು ಕೆಳಗಿಳಿಸಲಿಲ್ಲ.