ಕೈಯಿಂದ ಕೈಗೆ

ಅವಳ ಗಂಡ ಗ್ಯಾರೇಜಿನಲ್ಲಿ ಚಾಕು ಮಾಡಲು ಶುರುಮಾಡಿ ಮೂರು ತಿಂಗಳಾಗಿತ್ತು. ಉಕ್ಕಿನ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ, ಆಮೇಲೆ ದ್ರವ ಸಾರಜನಕದಲ್ಲಿ ಮುಳುಗಿಸಿಡುತ್ತಿದ್ದ. ಊಟಕ್ಕೆ ಕರೆದರೆ ಬಿಳಿ ಹೊಗೆಯೊಳಗಿಂದ "ಹ್ಞೂಂ" ಅಂತ ಮಾತ್ರ ಕೇಳಿಸುತ್ತಿತ್ತು. ಸಾರಿಗೆ ಉಪ್ಪು ಕಮ್ಮಿ ಎಂದು ದಿನಾ ತಕರಾರು ತೆಗೆಯುತ್ತಿದ್ದವನು, ಮೊನ್ನೆ ಉಪ್ಪೇ ಹಾಕದ ಸಾರನ್ನೂ ಸುಮ್ಮನೆ ಉಂಡೆದ್ದು ಹೋಗಿದ್ದ.

ಭಾನುವಾರ ಬೆಳಿಗ್ಗೆ ಚಾಕು ಹಿಡಿದು ಅಡುಗೆಮನೆಗೆ ಬಂದ.

"ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗೆ ಇಟ್ಟು ತೆಗೆದದ್ದು ಕಣೇ. ಅಷ್ಟು ಸುಲಭವಾಗಿ ಮೊಂಡಾಗಲ್ಲ."

"ಅಯ್ಯೋ ಪಾಪ, ಅಷ್ಟು ಚಳೀಲಿತ್ತಾ? ಸ್ವೆಟರ್ ಹಾಕಲಾ ಅದಕ್ಕೆ?"

"ತಮಾಷೆ ಸಾಕು. ಒಂದು ಟೊಮೆಟೊ ಹೆಚ್ಚಿ ನೋಡು."

ಅವಳ ಕಡೆ ಚಾಚಿದ ಚಾಕುವನ್ನು ಅವನೇ ತಟ್ಟನೆ ಹಿಂದಕ್ಕೆಳೆದುಕೊಂಡ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳವಾಗುತ್ತದೆ ಎಂಬುದು ಅವಳ ನಂಬಿಕೆ. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಹಾಗೆ ತೆಗೆದುಕೊಂಡವಳಲ್ಲ.

"ಗೊತ್ತು ಮಾರಾಯ್ತಿ, ಕಟ್ಟೆ ಮೇಲೇ ಇಡ್ತೀನಿ. ವಿಜ್ಞಾನ ಎಲ್ಲಿಗೆ ಹೋದರೂ ನೀನು ಮಾತ್ರ ನಿನ್ನ ಶಾಸ್ತ್ರ ಬಿಡಲ್ಲ."

"ಇವತ್ತು ಬಿಟ್ಟೆ," ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡು ಅಂಗೈ ಚಾಚಿದಳು. "ಕೈಗೇ ಕೊಡಿ. ನಾವು ಜಗಳ ಆಡಿ ಮೂರು ತಿಂಗಳಾಯ್ತು."