ಮನೆಯಲ್ಲೊಬ್ಬ ಚಾಡಿಕೋರ

ಎರಡನೆಯ ಬಿಸ್ಕತ್ತು ಇನ್ನೂ ಬಾಯಲ್ಲೇ ಇತ್ತು. ಅಷ್ಟರಲ್ಲಿ ಮಹಡಿಯ ಮೇಲಿಂದ ಹೆಂಡತಿಯ ಕೂಗು ಬಂತು.

"ರೀ, ಸಾಕು! ಡಬ್ಬಿ ಮುಚ್ಚಿಟ್ಟು ಈಚೆ ಬನ್ನಿ!"

ಯಜಮಾನರು ತಬ್ಬಿಬ್ಬಾದರು. ಹೆಂಡತಿ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಡಬ್ಬಿಯ ಮುಚ್ಚಳ ಸದ್ದು ಮಾಡದಿರಲೆಂದು ಇವರು ಟವೆಲ್ ಸುತ್ತಿ ತೆಗೆದಿದ್ದರು. ಮೂವತ್ತೈದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದ ಮನುಷ್ಯ. ಸೀಟಿನಡಿ ಅಡಗಿದವರನ್ನೂ ಮೂಟೆಗಳ ಹಿಂದೆ ಮುದುಡಿದವರನ್ನೂ ಹುಡುಕಿ ಹುಡುಕಿ ಹಿಡಿದವರು. ಅಂಥವರು ಈಗ ಸ್ವಂತ ಮನೆಯಲ್ಲಿ ದಿನಕ್ಕೊಮ್ಮೆ ಸಿಕ್ಕಿಬೀಳುತ್ತಿದ್ದರು.

ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಡಾಕ್ಟರು ಸಿಹಿಗೆ ಪೂರ್ಣವಿರಾಮ ಇಟ್ಟಿದ್ದರು. ಯಜಮಾನರು ಅದನ್ನು ಅಲ್ಪವಿರಾಮ ಎಂದು ಓದಿಕೊಂಡಿದ್ದರು. ಕದ್ದು ತಿನ್ನುವ ಆ ಒಂದೆರಡು ಬಿಸ್ಕತ್ತಿಲ್ಲದೆ ಅವರಿಗೆ ಬದುಕೇ ಸಪ್ಪೆ.

ಯಾರೋ ಚಾಡಿ ಹೇಳುತ್ತಿದ್ದಾರೆ, ಅದರಲ್ಲಿ ಸಂಶಯವಿರಲಿಲ್ಲ. ಮಗ ಬೆಳಗ್ಗೆ ಹೋದರೆ ಸಂಜೆಗೇ ಬರುವವನು. ಪಕ್ಕದ ಮನೆಯ ನಾಯಿ ಇವರು ಬಿಸ್ಕತ್ತು ತಿನ್ನುವಾಗಲೆಲ್ಲ ಕಿವಿ ನಿಮಿರಿಸಿ ಬೊಗಳುತ್ತಿತ್ತು, ಆದರೆ ಅದು ಹೊಟ್ಟೆಬಾಕ ಪ್ರಾಣಿ, ಪಾಪ. ಉಳಿದವಳು ಸೊಸೆ.

"ನಾನಲ್ಲ ಮಾವ, ಸತ್ಯವಾಗ್ಲೂ," ಎಂದು ಸೊಸೆ ಹೇಳಿದ್ದಳು. ಹೇಳುವಾಗ ತುಟಿ ಕಚ್ಚಿ ನಗು ತಡೆದಿದ್ದಳು. ತಪಾಸಣೆಯವರ ಕಣ್ಣು ಅದನ್ನು ಬಿಡುತ್ತದೆಯೇ?

ಗಟ್ಟಿ ಸಾಕ್ಷಿ ಸಿಕ್ಕಿದ್ದು ಹೋದ ಗುರುವಾರ. ಅಂದು ಸೊಸೆ ತವರಿಗೆ ಹೋಗಿದ್ದಳು. ಯಜಮಾನರ ಕಿವಿಯಂತ್ರಗಳ ಬ್ಯಾಟರಿ ಮುಗಿದು ಅವು ಮೇಜಿನ ಮೇಲೆ ಮಲಗಿದ್ದವು. ಹೆಂಡತಿ ಪಕ್ಕದ ಕೋಣೆಯಲ್ಲೇ ಕೂತಿದ್ದಳು. ಯಜಮಾನರು ನೆಮ್ಮದಿಯಾಗಿ ಆರು ಬಿಸ್ಕತ್ತು ಮುಗಿಸಿದರು, ಯಾಕೆ ಎಂದು ಕೇಳಿದವರಿಲ್ಲ. ಸೊಸೆ ಇಲ್ಲ, ಚಾಡಿಯೂ ಇಲ್ಲ. ಲೆಕ್ಕ ಸರಿಹೋಯಿತು.

ಮರುದಿನದಿಂದ ಸೊಸೆಯೊಂದಿಗೆ ಮಾತು ಬಿಟ್ಟರು. ಅವಳು ಕಾಫಿ ತಂದಿಟ್ಟರೆ ಗೋಡೆ ನೋಡಿಕೊಂಡು "ಹ್ಞೂಂ" ಎನ್ನುತ್ತಿದ್ದರು. ಒಳಗೊಳಗೇ ಸಂಕಟ. ಮಗಳಿಲ್ಲದ ಅವರಿಗೆ ಅವಳೇ ಮಗಳಾಗಿದ್ದಳು. ಅವಳೇ ಅತ್ತೆಯ ಹಿತ್ತಾಳೆ ಕಿವಿಗೆ ಊದುತ್ತಾಳೆಂದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಇದಕ್ಕೆಲ್ಲ ಒಂದೇ ಮದ್ದು, ಹೊಸ ಕಿವಿಯಂತ್ರ. ಹಳೆಯವಕ್ಕೆ ಒಂಬತ್ತು ವರ್ಷ. ಎಡಗಡೆಯದು ಗೊಣಗುತ್ತಿತ್ತು, ಬಲಗಡೆಯದರ ಮುಚ್ಚಳಕ್ಕೆ ಟೇಪು ಸುತ್ತಿತ್ತು. ಊಟದ ಹೊತ್ತಿಗೆ ಹೆಂಡತಿ ಅದೇಕೋ ರೇಡಿಯೊ ಜೋರಾಗಿ ಹಾಕುತ್ತಿದ್ದಳು, ಆಗಂತೂ ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಹೊಸದು ಬಂದರೆ ಮೆಟ್ಟಿಲ ಮೇಲಿನ ಹೆಜ್ಜೆ ಸಪ್ಪಳವೂ ಕೇಳುತ್ತದೆ, ಸೊಸೆಯ ಪಿಸುಮಾತೂ ಕೇಳುತ್ತದೆ. ಆಮೇಲೆ ಡಬ್ಬಿಯೂ ತಮ್ಮದೇ, ರಾಜ್ಯವೂ ತಮ್ಮದೇ.

ಒಂದು ವಾರ ಕಳೆದು, ಶನಿವಾರ ಗಂಡಹೆಂಡಿರು ಅಂಗಡಿಗೆ ಹೋದರು. ಅಂಗಡಿಯಾಕೆ ಯಜಮಾನರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಹೊಸ ಜೋಡಿಯೊಂದನ್ನು ಕಿವಿಗೆ ಹಾಕಿದಳು. ಅಬ್ಬಾ! ಅಂಗಿಯ ತೋಳು ಉಜ್ಜಿದ ಸದ್ದು, ಕುರ್ಚಿಯ ಕಿರುಗುಟ್ಟುವಿಕೆ, ತಮ್ಮದೇ ಉಸಿರು. ಯಜಮಾನರಿಗೆ ಎದ್ದು ಕುಣಿಯಬೇಕೆನಿಸಿತು. ಗಾಜಿನಾಚೆ ಹೆಂಡತಿ ಕೌಂಟರಿನಲ್ಲಿ ಏನೋ ಚೀಟಿ ಬರೆಯುತ್ತಿದ್ದಳು. ಅದನ್ನು ಓದಿದ ಅಂಗಡಿಯಾಕೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಹೆಂಗಸರ ಹರಟೆ, ಇನ್ನೇನು.

"ನನ್ನ ಕೇಳಿದ್ರೆ ಹೊಸದೇ ವಾಸಿ ಸಾರ್," ಎಂದಳು ಅಂಗಡಿಯಾಕೆ, ಒಳಗೆ ಬಂದು. "ಹಳೇದನ್ನ ರಿಪೇರಿ ಮಾಡ್ಬಹುದು. ಒಂದು ಗಂಟೆ ಕೆಲಸ. ಆದ್ರೆ..."

"ರಿಪೇರಿನೇ ಮಾಡಮ್ಮ," ಎಂದಳು ಹಿಂದೆಯೇ ಬಂದ ಹೆಂಡತಿ. "ಹಳೇದು ಎಷ್ಟು ನಿಯತ್ತಿನಿಂದ ಕೆಲಸ ಮಾಡಿದೆ! ಹೊಸದಕ್ಕೆ ಅಂಥ ನಿಯತ್ತು ಎಲ್ಲಿಂದ ಬರ್ಬೇಕು?"

ಯಜಮಾನರು ದಂಗಾದರು. ಸೋಫಾ, ಪರದೆ, ಫ್ರಿಜ್ಜು, ಹೀಗೆ ಗಂಡನೊಬ್ಬನನ್ನು ಬಿಟ್ಟು ಮನೆಯಲ್ಲಿ ಎಲ್ಲವನ್ನೂ ಒಮ್ಮೆಯಾದರೂ ಬದಲಾಯಿಸಿದವಳು ಅವಳು. ಅಂಥವಳಿಗೆ ತಮ್ಮ ಹಳೆಯ ಕಿವಿಯಂತ್ರದ ಮೇಲೆ ಇಷ್ಟು ಮಮತೆಯೇ?

"ನಿಂಗೆ ಅಷ್ಟು ಇಷ್ಟ ಇದ್ರೆ ಹಳೇದೇ ಇರ್ಲಿ ಕಣೇ."

"ನಂಗೆ ಇನ್ನೇನು ಬೇಕು ಹೇಳಿ," ಎಂದು ಹೆಂಡತಿ ಅವರ ತೋಳು ತಟ್ಟಿದಳು.

ಒಂದು ಗಂಟೆಯಲ್ಲಿ ಯಂತ್ರಗಳು ಸಿದ್ಧವಾದವು. ಎಡಗಡೆಯ ಗೊಣಗಾಟ ನಿಂತಿತ್ತು, ಟೇಪು ಹೋಗಿ ಹೊಸ ಮುಚ್ಚಳ ಬಂದಿತ್ತು. ಅಂಗಡಿಯಾಕೆ ರಿಪೇರಿ ಚೀಟಿಯನ್ನು ಮಡಚಿ ಯಜಮಾನರ ಜೇಬಿಗಿಟ್ಟಳು. ಕೌಂಟರಿನ ಬಟ್ಟಲಿನಲ್ಲಿ ಗಿರಾಕಿಗಳಿಗೆಂದು ಚಾಕಲೇಟು ಇಟ್ಟಿದ್ದರು. ಯಜಮಾನರು ಸುತ್ತ ನೋಡಿದರು. ಹೆಂಡತಿ ಆಗಲೇ ಬಾಗಿಲು ದಾಟಿದ್ದಳು. ಸೊಸೆ ಮನೆಯಲ್ಲಿದ್ದಳು. ಒಂದನ್ನು ಬಾಯಿಗೆ ಹಾಕಿಕೊಂಡು, ಹೆಂಡತಿಯ ಹಿಂದೆ ಹತ್ತು ಹೆಜ್ಜೆ ಬಿಟ್ಟು, ಸಂತನಂತೆ ಮುಖ ಮಾಡಿ ನಡೆದರು. ನಿಧಾನವಾಗಿ ಒಮ್ಮೆ ಅಗಿದರು.

"ಉಗೀರಿ," ಎಂದಳು ಹೆಂಡತಿ, ಹಿಂತಿರುಗಿಯೂ ನೋಡದೆ.

ಯಜಮಾನರ ಕಾಲು ನೆಲಕ್ಕೆ ಅಂಟಿಕೊಂಡಿತು. ಇಲ್ಲಿ ಸೊಸೆಯಿಲ್ಲ. ಹೇಳುವವರು ಯಾರೂ ಇಲ್ಲ. ಹಾಗಾದರೆ ಒಂದು ವಾರ ಆ ಹುಡುಗಿಯನ್ನು ಸುಮ್ಮಸುಮ್ಮನೆ ಗೋಳು ಹೊಯ್ದುಕೊಂಡೆನೇ? ಮನೆಗೆ ಹೋದವರೇ ಅವಳಲ್ಲಿ ಕ್ಷಮೆ ಕೇಳಬೇಕು. ಆದರೆ ಚಾಡಿಕೋರ ಯಾರು? ಯಾವ ಚೀಟಿಯನ್ನೂ ಓದದೆ ಬಿಡುವ ಜಾಯಮಾನ ಅವರದಲ್ಲ. ಕೈ ತಾನಾಗಿಯೇ ಜೇಬಿಗೆ ಹೋಯಿತು. ಚೀಟಿಯಲ್ಲಿದ್ದದ್ದು ಹೆಂಡತಿಯ ಗುಂಡು ಅಕ್ಷರ. ಒಂದು, ಎಡಗಡೆಯದು ಗೊಣಗುತ್ತದೆ, ಸರಿಮಾಡಿ. ಎರಡು, ಬಲಗಡೆಯ ಮುಚ್ಚಳ ಬದಲಿಸಿ.

ಮೂರು, ಇವರು ಏನೇ ಅಗಿದರೂ ಎರಡೂ ಸಿಳ್ಳೆ ಹೊಡೆಯುತ್ತವೆ, ಅದು ಇವರೊಬ್ಬರನ್ನು ಬಿಟ್ಟು ಬೀದಿಗೆಲ್ಲ ಕೇಳಿಸುತ್ತದೆ, ದಯವಿಟ್ಟು ಅದನ್ನು ಮಾತ್ರ ಮುಟ್ಟಬೇಡಿ.