ಬೇಡ ಎನ್ನಲಾರದವರು

ಬಚ್ಚಲಿನ ಬಾಗಿಲ ಸಂದಿಯಿಂದ ಲಿಚಿ ಹಣ್ಣಿನ ವಾಸನೆ ಬರುತ್ತಿತ್ತು. ಸುಚಿನ್ ಬಾಗಿಲು ತಟ್ಟಿದಳು.

"ತಿಂಗ್, ನಾನು ಕಣೇ. ತೆಗಿ."

ಒಳಗಿನಿಂದ ಕೆಮ್ಮು. ಆಮೇಲೆ ನಲ್ಲಿಯ ಸದ್ದು. ತನ್ನ ಅಂದಾಜು ಈ ಹುಡುಗಿಯಲ್ಲೂ ನಿಜವಾಯಿತೆಂದು ಸುಚಿನ್‌ಗೆ ತಿಳಿದುಹೋಯಿತು.

ಚೀನಾದ ಗುಯಾಂಗ್‌ನ ಈ ಸಂಗೀತ ಕಾಲೇಜಿಗೆ ಅವಳು ಹೋದ ವರ್ಷವೂ ಬಂದಿದ್ದಳು. ಪ್ರೊಫೆಸರ್ ಫಂಗ್ ಅವರ ಕೈಕೆಳಗೆ ಸಂಶೋಧನೆ. ಇ-ಸಿಗರೇಟು ಮುಟ್ಟದ ಹುಡುಗ ಹುಡುಗಿಯರನ್ನು ಮಾತಾಡಿಸಿ, ಮುಂದೆ ಮುಟ್ಟುವವರು ಯಾರೆಂದು ಅವರ ಮನೋಭಾವದಿಂದಲೇ ಅಳೆಯುವುದು ಅವಳ ಕೆಲಸ. ಬಿದಿರು ಕೊಳಲು ಕಲಿಯುತ್ತಿದ್ದ ತಿಂಗ್ ಅಂದು ನಕ್ಕುಬಿಟ್ಟಿದ್ದಳು.

"ಚಟ ಗಿಟ ಏನಿಲ್ಲ ಅಕ್ಕ. ಉಸಿರೇ ನಮ್ಮ ಅನ್ನ. ಆದ್ರೆ ಯಾರಾದ್ರೂ ಕೈಚಾಚಿ ಕೊಟ್ರೆ ಬೇಡ ಅನ್ನೋದು ಹೇಗೆ? ಮುಖಕ್ಕೆ ಹೊಡೆದ ಹಾಗಾಗಲ್ವಾ?"

ಮುಂದೆ ಸೇದುವವರ ಅಳತೆಯಲ್ಲಿ ಆ ಉತ್ತರಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ.

ಸುಚಿನ್‌ಗೆ ಮನಸ್ಸು ತಡೆಯಲಿಲ್ಲ. "ಸರ್, ಈ ಹುಡುಗಿಗೆ ಜೋಪಾನ ಅಂತ ಒಂದು ಮಾತು ಹೇಳಿಬಿಡ್ಲಾ?"

"ಹೇಳಿದ್ರೆ ಅಳತೆ ಕೆಡುತ್ತೆ." ಫಂಗ್ ಅವಳ ಬಟ್ಟಲಿಗೆ ಚಹಾ ಸುರಿದರು. "ನಿಂಗೆ ಪದವಿ ಬೇಕೋ, ಪುಣ್ಯ ಬೇಕೋ?"

ಸುಚಿನ್ ಚಹಾ ಕುಡಿದಳು; ತಿಂಗ್‌ಗೆ ಆ ಮಾತು ಹೇಳದೆಯೇ ಹೊರಟುಬಂದಳು.

ಈ ವಸಂತದಲ್ಲಿ ಮರಳಿ ಬಂದರೆ, ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವಳು ಗುರುತಿಸಿದ್ದವರೆಲ್ಲ ಸೇದುತ್ತಿದ್ದರು. ಉಳಿದವರಲ್ಲಿ ಒಬ್ಬರೂ ಇಲ್ಲ. ಯಾವ ಹಾಸ್ಟೆಲಿಗೆ ಹೋದರೂ ಅದೇ ಲಿಚಿ. ಇ-ಸಿಗರೇಟಿನಲ್ಲಿ ಸರ್ಕಾರ ನಿಷೇಧಿಸಿದ, ಅಂಗಡಿಯಲ್ಲಿ ಸಿಗದ ಪರಿಮಳ. ಫೋನು ಮಾಡಿ ಹೇಳಿದಾಗ ಫಂಗ್ ಅಚ್ಚರಿಪಡಲಿಲ್ಲ. "ನಾನು ಹೇಳಿರ್ಲಿಲ್ವಾ?" ಎಂದರು, ಅಷ್ಟೇ. ಈ ಅಳತೆಗಾಗಿ ಬೀಜಿಂಗಿನಲ್ಲಿ ಅವರ ಸನ್ಮಾನಕ್ಕೆ ಆಗಲೇ ದಿನ ಗೊತ್ತಾಗಿತ್ತು.

ಬಾಗಿಲು ತೆರೆಯಿತು. ತಿಂಗ್‌ಳ ಕೆನ್ನೆ ಬತ್ತಿತ್ತು. ಅವಳು ಮಂಚದ ಅಂಚಿನಲ್ಲಿ ಕುಸಿದು ಕುಳಿತಳು.

"ವಾದ್ಯವೃಂದದಿಂದ ತೆಗೆದ್ರು ಅಕ್ಕ. ಒಂದು ಸ್ವರ ಹಿಡಿಯೋದ್ರೊಳಗೆ ಉಸಿರು ಮುಗಿಯುತ್ತೆ. ಅಮ್ಮ ಫೋನ್ ಮಾಡಿದಾಗಲೆಲ್ಲ ಚೆನ್ನಾಗಿ ನುಡಿಸ್ತಿದೀನಿ ಅಂತೀನಿ."

"ಬಿಟ್ಬಿಡು ತಿಂಗ್. ಇನ್ನೂ ಕಾಲ ಮಿಂಚಿಲ್ಲ."

"ಬಿಟ್ಟೆ. ಮತ್ತೆ ಹಿಡಿದೆ. ಮತ್ತೆ ಬಿಟ್ಟೆ." ತಿಂಗ್ ನಗಲು ಹೋಗಿ ಕೆಮ್ಮಿದಳು. "ಈಗ ಬಿಡೋ ಆಟಾನೂ ಸಾಕಾಯ್ತು."

ಸುಚಿನ್ ಅವಳ ಬೆನ್ನು ನೇವರಿಸಿದಳು. ಪ್ರಶ್ನೆ ಇನ್ನೊಂದೇ ಉಳಿದಿತ್ತು. ಯಾವ ಗೆಳತಿ, ಯಾವ ಹುಡುಗ ಇವಳನ್ನು ಕೆಡಿಸಿದರೋ ತಿಳಿಯಬೇಕಿತ್ತು.

"ಮೊದಲನೇದು ನಿಂಗೆ ಯಾರು ಕೊಟ್ಟಿದ್ದು?"

ತಿಂಗ್ ತಲೆಯೆತ್ತಿ ಅವಳನ್ನೇ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ.

"ಇದೇನಕ್ಕ ಹೀಗ್ ಕೇಳ್ತೀರಿ? ನೀವು ಹೋದ ಮಾರನೇ ವಾರವೇ ಫಂಗ್ ಸರ್ ಬಂದು, ನೀವು ಆರಿಸಿದ್ದವರು ಅಂತ ನಮ್ಮಲ್ಲಿ ಕೆಲವರನ್ನ ಮಾತ್ರ ಕರೆದು, 'ಸುಚಿನ್ ಕೊಡೋಕೆ ಹೇಳಿದಾಳೆ' ಅಂತ ಕೊಟ್ಟು ಹೋದ್ರಲ್ಲ."